ಸ್ವಿಚ್ಚಿನ ಸೆಟ್ಟಿಂಗ್ ಬದಲಿಸುವ ಕುರಿತು

ಸುಳ್ಯ ತಾಲೂಕಿನ ಕುಂಟಲಮೂಲೆ ಗ್ರಾಮ ಪಂಚಾಯತ್ ಕಚೇರಿಯಲ್ಲಿ ಜನ ಇದ್ದಾರೋ ಇಲ್ಲವೋ ಎಂಬುದನ್ನು ಕಳೆದ ವರ್ಷದ ಜೂನ್ ಮೂರನೇ ತಾರೀಕಿನಿಂದ ಒಂದು ಸ್ವಿಚ್ಚು ನಿರ್ಧರಿಸುತ್ತದೆ.

ಅದಕ್ಕೆ ಮೊದಲು ಇದಕ್ಕೊಂದು ವ್ಯವಸ್ಥೆ ಇರಲಿಲ್ಲ. ಜನ ಬಾಗಿಲಲ್ಲಿ ಇಣುಕಿ ನೋಡುತ್ತಿದ್ದರು.

ಸ್ವಿಚ್ಚು ಬಿಳಿ. ಅಂಗೈ ಅಗಲ. ನಡುವೆ ಮೀನಿನ ಕಣ್ಣಿನಂಥ ಒಂದು ಗುಂಡು. ಕೋಣೆಯಲ್ಲಿ ಯಾರಾದರೂ ಅಲುಗಾಡಿದರೆ ದೀಪ ಉರಿಯುತ್ತದೆ. ಒಂದು ನಿಮಿಷ ಯಾರೂ ಅಲುಗಾಡದಿದ್ದರೆ ಬೆಳಕು ಮಂಕಾಗುತ್ತದೆ. ಅದು ಎಚ್ಚರಿಕೆ. ಇನ್ನು ಅರ್ಧ ನಿಮಿಷಕ್ಕೆ ಪೂರ್ತಿ ಆರುತ್ತದೆ. ಹೊತ್ತಿದ್ದು, ಆರಿದ್ದು ಎಲ್ಲ ತಾನಾಗಿಯೇ ಮೇಲಿನ ಕಚೇರಿಯ ಕಂಪ್ಯೂಟರಿಗೆ ಹೋಗುತ್ತದೆ. ಕರೆಂಟಿನ ಉಳಿತಾಯಕ್ಕಾಗಿ ಇದನ್ನು ಮೇಲಿನವರೇ ಕಳಿಸಿದ್ದು.

ಮೊದಲ ದಿನ ನಾಲ್ವರು ಸಿಬ್ಬಂದಿಯೂ ಹಾಜರಿದ್ದರು. ಹತ್ತೂಕಾಲಿಗೆ ದೀಪ ಆರಿತು. ಸಿಬ್ಬಂದಿ ಕೆಲಸದಲ್ಲಿ ಮಗ್ನರಾಗಿದ್ದರು. ಅವರ ಚಲನೆ ಯಂತ್ರದ ಕನಿಷ್ಠ ಮಿತಿಗಿಂತ ಕೆಳಗಿತ್ತು. ಇದರಲ್ಲಿ ಯಾರ ತಪ್ಪೂ ಇಲ್ಲ.

ಮಳೆಗಾಲ. ಹೊರಗೆ ಕತ್ತಲೆ, ಒಳಗೂ ಕತ್ತಲೆ. ಪಂಚಾಯತ್ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ, ಜಯಪ್ರಕಾಶರು ಎದ್ದು ಕೈ ಬೀಸಿದರು. ದೀಪ ಬಂತು. ಕೂತರು. ಮೂರು ಕಾಗದ ಓದುವುದರೊಳಗೆ ಮಂಕಾಯಿತು. ಮತ್ತೆ ಎದ್ದರು. ಮಧ್ಯಾಹ್ನದೊಳಗೆ ಅವರಿಗೆ ಸೊಂಟ ಹಿಡಿಯಿತು.

ಮರುದಿನ ಒಬ್ಬೊಬ್ಬರು ಕಾಲು ಗಂಟೆಯಂತೆ ಕೈ ಬೀಸುವ ಪಾಳಿ ಮಾಡಿದರು. ಕೈ ಬೀಸುವುದು ತಮ್ಮ ಕರ್ತವ್ಯಪಟ್ಟಿಯಲ್ಲಿ ಇಲ್ಲವೆಂದು ಸಿಬ್ಬಂದಿ ಲಿಖಿತವಾಗಿ ತಿಳಿಸಿದರು. ಪಟ್ಟಿ ತೆಗೆದು ನೋಡಿದರು. ಇರಲಿಲ್ಲ. ಪಾಳಿ ನಿಂತಿತು.

ಆಗ ಹಕೀಮನನ್ನು ಕರೆಸಿದರು. ಹಕೀಮ್ ಊರಿನ ವೈರಿಂಗ್‌ನವ. ಸ್ವಿಚ್ಚನ್ನು ಹತ್ತಿರದಿಂದ ನೋಡಿದ. ಕೆಳಗಿನ ಮುಚ್ಚಳವನ್ನು ಉಗುರಿನಿಂದ ಮುಟ್ಟಿದ.

"ಇದು ಸುಲಭ ಉಂಟು ಸರ್. ಇದರ ಒಳಗೆ ಎರಡು ಗುಂಡಿ ಉಂಟು. ಎಡದ್ದು ಒತ್ತಿ ಹಿಡಿಯುದು. ಕೆಂಪು ಮಿಣುಕಿದ ಮೇಲೆ ಬಿಡುದು. ಮೂರು ಸಲ ಕುಟ್ಟಿದ್ರೆ ಹದಿನೈದು ನಿಮಿಷ ಆರುದಿಲ್ಲ. ಬಲದ್ದರಲ್ಲಿ ಕಣ್ಣು ಚುರುಕು ಮಾಡ್ಲಿಕ್ಕೆ ಆಗ್ತದೆ. ಆಮೇಲೆ ನೀವು ಪೆನ್ನು ಎತ್ತಿದ್ರೂ ಅದಕ್ಕೆ ಗೊತ್ತಾಗ್ತದೆ."

"ಎಷ್ಟು ಹೊತ್ತು ಬೇಕು?"

"ಚಾ ತರಿಸಿ. ತಣಿಯುವ ಮೊದಲು ಆಗ್ತದೆ."

ಚಾ ತರಿಸಿದರು. ಆದರೆ ಮುಚ್ಚಳದ ಮೇಲೆ ಮೊಹರು ಇತ್ತು. ಮೊಹರಿನ ಮೇಲೆ ಬರೆದಿತ್ತು: 'ಅನುಮತಿ ಇಲ್ಲದೆ ಸೆಟ್ಟಿಂಗ್ ಬದಲಿಸಿದವರು ಶಿಸ್ತುಕ್ರಮಕ್ಕೆ ಗುರಿಯಾಗತಕ್ಕದ್ದು.' ಜಯಪ್ರಕಾಶರಿಗೆ ನಿವೃತ್ತಿಗೆ ಎರಡು ವರ್ಷ ಇತ್ತು. ಹಕೀಮ್ ಚಾ ಕುಡಿದು ಹೋದ.

ಅನುಮತಿ ಕೇಳಿ ಬರೆದರು. ಉತ್ತರ ಹದಿನೆಂಟು ದಿನಕ್ಕೆ ಬಂತು. ದೋಷ ದೃಢಪಟ್ಟರೆ ಮಾತ್ರ ಸೆಟ್ಟಿಂಗ್ ಬದಲಿಸಬಹುದು. ದೋಷವನ್ನು ದೃಢಪಡಿಸಲು ಪರಿವೀಕ್ಷಕರು ಬರುತ್ತಾರೆ. ಅಲ್ಲಿಯವರೆಗೆ ಕೆಳಗಿನ ನಿಯಮ ಪಾಲಿಸುವುದು:

'ದೀಪ ಆರಿರುವ ಹೊತ್ತಿನಲ್ಲಿ ಮಾಡಿದ ಯಾವುದೇ ಸಹಿ ಸಿಂಧುವಲ್ಲ. ಯಂತ್ರದ ದಾಖಲೆಯ ಪ್ರಕಾರ ಆ ಹೊತ್ತಿನಲ್ಲಿ ಕಚೇರಿಯಲ್ಲಿ ಯಾರೂ ಇರುವುದಿಲ್ಲ. ಯಾರೂ ಇಲ್ಲದ ಕಚೇರಿಯಲ್ಲಿ ಸಹಿ ಮಾಡಿದವರು ಯಾರು ಎಂಬ ಪ್ರಶ್ನೆ ಉದ್ಭವಿಸುತ್ತದೆ.'

ಪ್ರಶ್ನೆ ನ್ಯಾಯವಾದದ್ದೇ.

ಜುಲೈ ಹತ್ತರಂದು ಪಾತು ಎಂಬವರು ಅರ್ಜಿ ಹಿಡಿದು ಬಂದರು. ಅರ್ಜಿಯಲ್ಲಿ ಪಾತು. ಊರಿಗೆಲ್ಲ ಪಾತುಮ್ಮ. ವಯಸ್ಸು ಅರುವತ್ತೆರಡು. ಬೀಡಿ ಕಟ್ಟಿ ಕಟ್ಟಿ ಗುಡ್ಡೆಯ ಮೇಲೆ ಐದು ಸೆಂಟ್ಸ್ ಜಾಗದಲ್ಲಿ ಒಂದು ಮನೆ ಕಟ್ಟಿಸಿದ್ದರು. ಎರಡು ಕೋಣೆ, ಅಡಿಗೆಮನೆ, ಒಂದು ಚಾವಡಿ. ಗೋಡೆಗೆ ಸುಣ್ಣ ಆಗಿತ್ತು. ಹಕೀಮ್ ವೈರಿಂಗ್ ಮುಗಿಸಿದ್ದ. ಇನ್ನು ಕರೆಂಟು ಬರಬೇಕು. ಕರೆಂಟಿಗೆ ಮೀಟರು ಬೇಕು. ಮೀಟರಿಗೆ ಮನೆ ನಂಬರು ಬೇಕು. ಮನೆ ನಂಬರು ಕೊಡುವುದು ಪಂಚಾಯತ್. ಅಲ್ಲಿಯವರೆಗೆ ಪಾತುಮ್ಮ ಜಾಲ್ಸೂರಿನಲ್ಲಿ ತಮ್ಮನಾದ ಅಹ್ಮದ್ ಕುಂಞಿಯ ಮನೆಯಲ್ಲಿ, ಅಡಿಗೆಮನೆಯ ಪಕ್ಕ, ಮಡಚುವ ಮಂಚದಲ್ಲಿ ಮಲಗುತ್ತಿದ್ದರು. ಅಲ್ಲಿಗೆ ಬಂದು ಆರು ವರ್ಷವಾಗಿತ್ತು. ಅವರಿಗೆ ಬೇಕಾದದ್ದು ಇಷ್ಟೇ: ತನ್ನ ಮನೆಯಲ್ಲಿ ತಾನು ಇರುವುದು.

"ಕೂತ್ಕೊಳ್ಳಿ ಪಾತುಮ್ಮ. ಬೆಳಕು ಬಂದಾಗ ಕರೀತೇನೆ" ಎಂದರು ಜಯಪ್ರಕಾಶ್.

ಪಾತುಮ್ಮ ಗೋಡೆಯ ಬೆಂಚಿನಲ್ಲಿ ಕೂತರು. ಬರಿಗೈಯಲ್ಲಿ ಕೂತು ಅವರಿಗೆ ಅಭ್ಯಾಸವಿಲ್ಲ. ಚೀಲದಿಂದ ತಡ್ಪೆ, ಅಂದರೆ ಬೀಡಿಯ ಸಣ್ಣ ಮೊರ, ತೆಗೆದು ಮಡಿಲಲ್ಲಿಟ್ಟುಕೊಂಡರು. ಎಲೆ ಇಟ್ಟು, ಹೊಗೆಸೊಪ್ಪಿನ ಪುಡಿ ಹಾಕಿ, ಉರುಟಿ, ತುದಿ ಮಡಚಿ, ನೂಲು ಸುತ್ತತೊಡಗಿದರು. ಈ ಕಡೆ ಬೀಡಿ ಕಟ್ಟುವ ಹೆಂಗಸರು ಮದುವೆಮನೆಯಲ್ಲೂ ಹೀಗೇ. ಬಾಯಿ ಮಾತಾಡುತ್ತದೆ, ಕೈ ಕಟ್ಟುತ್ತದೆ.

ದೀಪ ಉರಿಯಿತು.

ಒಂದು ನಿಮಿಷವಾಯಿತು. ಹತ್ತು ನಿಮಿಷವಾಯಿತು. ಆರಲಿಲ್ಲ. ಸ್ವಿಚ್ಚಿನ ಕಣ್ಣು ಸರಿಯಾಗಿ ಬೆಂಚಿನ ಎದುರಿಗೇ ಇತ್ತು. ಜಯಪ್ರಕಾಶರು ಒಂದು ತಿಂಗಳ ಕಾಗದಗಳನ್ನು ಕಟ್ಟು ಬಿಚ್ಚಿ ಸಹಿ ಮಾಡತೊಡಗಿದರು. ಸುದ್ದಿ ಪೇಟೆಗೆ ಹೋಯಿತು. ಜನ ಓಡಿ ಬಂದರು. ನನ್ನ ನೀರಿನ ತಕರಾರು ಮುಗಿದದ್ದೂ ಅಂದೇ. ಸಂಜೆ ಐದೂವರೆಗೆ ಎಲ್ಲ ಆಗಿತ್ತು. ಪಾತುಮ್ಮನದು ಉಳಿದಿತ್ತು.

"ಇಡೀ ದಿನ ಕೂತೆ ಸರ್."

"ಹೌದಲ್ಲ. ನಾಳೆ ಮೊದಲನೆಯದೇ ನಿಮ್ಮದು."

ಮರುದಿನ ಮೊದಲನೆಯದಾಗಿ ಅವರ ಕಡತ ತೆಗೆದರು. ಪೆನ್ನು ತೆಗೆದರು. ಆಗ ಬೆಂಚಿನ ಇನ್ನೊಂದು ತುದಿಯಿಂದ ಬೆಳ್ಯಪ್ಪ ಎದ್ದರು. ಬೆಳ್ಯಪ್ಪ ಕೃಷಿಕರು. ಊರಿನ ಎಲ್ಲ ವಿಷಯದಲ್ಲಿ ಮೊದಲು ಮಾತಾಡುವವರು.

"ಜಯಪ್ರಕಾಶ್ರೇ, ಒಂದು ಮಾತು. ಅದಕ್ಕೆ ಸಹಿ ಹಾಕಿದ್ರೆ ಪಾತುಮ್ಮ ಎಂತ ಮಾಡ್ತಾರೆ?"

"ಮನೆಗೆ ಹೋಗ್ತಾರೆ."

"ಮತ್ತೆ ನಮ್ಮದು?"

ಕೋಣೆಯಲ್ಲಿ ಇಪ್ಪತ್ತೆರಡು ಜನ ಇದ್ದರು. ಜಯಪ್ರಕಾಶರು ಪೆನ್ನಿನ ಮುಚ್ಚಳ ಹಾಕಿದರು.

ಕಡತದಲ್ಲಿ ಬರೆದರು: 'ಸಾರ್ವಜನಿಕ ಬೆಳಕಿನ ಹಿತದೃಷ್ಟಿಯಿಂದ ಪರಿಶೀಲನೆಯಲ್ಲಿ ಇಡಲಾಗಿದೆ.'

ಪಾತುಮ್ಮನಿಗೆ ಓದಿ ಹೇಳಿದರು. "ತಿರಸ್ಕಾರ ಅಲ್ಲ ಪಾತುಮ್ಮ. ಪರಿಶೀಲನೆ."

"ಪರಿಶೀಲನೆ ಅಂದ್ರೆ ಎಷ್ಟು ದಿನ?"

"ಅದನ್ನು ಪರಿಶೀಲಿಸ್ಬೇಕು."

ಆಮೇಲೆ ಪಾತುಮ್ಮ ದಿನಾ ಬಂದರು. ಬರದಿದ್ದರೆ ಅರ್ಜಿದಾರರ ಗೈರುಹಾಜರಿಯಿಂದ ಕಡತ ಮುಕ್ತಾಯವಾಗುತ್ತದೆ ಎಂದು ನಿಯಮ ಇದೆ. ಬಂದರೆ ಪರಿಶೀಲನೆಯಲ್ಲಿರುತ್ತದೆ. ಜಾಲ್ಸೂರಿನ ಬಸ್ಸಿನಲ್ಲಿ ಒಂಬತ್ತೂವರೆಗೆ ಇಳಿಯುತ್ತಿದ್ದರು. ಬೀಡಿ ಕಂಪೆನಿಯ ಬ್ರಾಂಚಿಗೆ ಲೆಕ್ಕ ಕೊಡುವ ದಿನ ಮಾತ್ರ ಮಧ್ಯಾಹ್ನಕ್ಕೆ ಏಳುತ್ತಿದ್ದರು. ಆ ದಿನ ಮಧ್ಯಾಹ್ನದಿಂದ ಕಚೇರಿಗೆ ರಜೆ ಘೋಷಿಸುವುದು ರೂಢಿಯಾಯಿತು.

ಒಂದು ತೊಡಕು ಬಂತು. ಗೋಡೆಯಲ್ಲಿ ತಂಬಾಕು ನಿಷೇಧದ ಫಲಕ ಇತ್ತು. ಫಲಕದ ಕೆಳಗೇ ಪಾತುಮ್ಮ ಕೂರುವುದು. ಅಧ್ಯಕ್ಷೆ ಪ್ರೇಮಾವತಿಯವರು ವಿಷಯವನ್ನು ಸಭೆಗೆ ತಂದರು. ಅವರು ನೇರ ಮಾತಿನವರು.

"ಫಲಕ ತೆಗೀಲಿಕ್ಕೆ ಆಗುದಿಲ್ಲ. ಪಾತುಮ್ಮನನ್ನೂ ತೆಗೀಲಿಕ್ಕೆ ಆಗುದಿಲ್ಲ. ಬರ್ಕೊಳ್ಳಿ."

ಬರೆದುಕೊಂಡರು: 'ಶ್ರೀಮತಿ ಪಾತು ಇವರು ಕಚೇರಿಯಲ್ಲಿ ಕೈಚಲನೆ ಮಾಡುವುದು ಸರಿಯಷ್ಟೆ. ಸದರಿ ಕೈಚಲನೆಯ ಫಲವಾಗಿ ಏನು ಉತ್ಪತ್ತಿಯಾಗುತ್ತದೆ ಎಂಬುದನ್ನು ಕಚೇರಿಯು ಗಮನಿಸತಕ್ಕದ್ದಲ್ಲ.'

ಸೆಪ್ಟೆಂಬರಿನಲ್ಲಿ ಪರಿವೀಕ್ಷಕರು ಬಂದರು. ಹೆಸರು ಮೋಕ್ಷಿತ್. ಎಳೆ ಪ್ರಾಯ, ಇಸ್ತ್ರಿ ಹಾಕಿದ ಅಂಗಿ, ಕೈಯಲ್ಲಿ ನಮೂನೆ. ಬಾಗಿಲಲ್ಲೇ ನಿಂತು ಮೇಲೆ ನೋಡಿದರು. ದೀಪ ಉರಿಯುತ್ತಿತ್ತು. ಅರ್ಧ ಗಂಟೆ ಕೂತರು. ಉರಿಯುತ್ತಲೇ ಇತ್ತು.

"ದೋಷ ಎಲ್ಲುಂಟು?" ಎಂದು ಕೇಳಿದರು.

"ಇವರು ಇರುದ್ರಿಂದ ಹಾಗೆ. ಇವರು ಹೋದ್ರೆ ಆರ್ತದೆ" ಎಂದರು ಜಯಪ್ರಕಾಶ್.

"ಹಾಗಾದ್ರೆ ಅವರನ್ನು ಸ್ವಲ್ಪ ಹೊರಗೆ ಕಳಿಸಿ."

ಪಾತುಮ್ಮ ಹೊರಗೆ ಹೋಗಿ ಹೆಂಚಿನ ಮಾಡಿನ ಅಡಿಯಲ್ಲಿ ನಿಂತರು. ಒಳಗಿದ್ದವರೆಲ್ಲ ಉಸಿರು ಬಿಗಿಹಿಡಿದು ಕೂತರು. ದೀಪ ಮಂಕಾಯಿತು. ಆರಿತು.

"ನೋಡಿ" ಎಂದರು ಜಯಪ್ರಕಾಶ್, ಕತ್ತಲೆಯಲ್ಲಿ.

ಮೋಕ್ಷಿತ್ ಮೊಬೈಲಿನ ಬೆಳಕಿನಲ್ಲಿ ನಮೂನೆ ಓದಿದರು. "ದೋಷವನ್ನು ಸಿಬ್ಬಂದಿಯ ಸಮಕ್ಷಮ ದೃಢಪಡಿಸ್ಬೇಕು ಅಂತ ಉಂಟು. ಈಗ ಯಂತ್ರದ ಪ್ರಕಾರ ಸಿಬ್ಬಂದಿ ಇಲ್ಲ."

"ನಾನು ಇದ್ದೇನಲ್ಲ ಮಾರಾಯ್ರೆ! ನಿಮ್ಮ ಪಕ್ಕ!"

"ನೀವಿದ್ದೀರಿ ಸರ್. ನನಗೆ ಗೊತ್ತುಂಟು. ದಾಖಲೆ ಇಲ್ಲ."

"ನೀವು ಇದ್ದೀರಲ್ಲ?"

ಮೋಕ್ಷಿತ್ ಸ್ವಲ್ಪ ಯೋಚಿಸಿದರು. "ಹಾಗೆ ನೋಡಿದ್ರೆ ನಾನೂ ಬಂದಿಲ್ಲ."

ವರದಿ ಮೂರು ಸಾಲಿನದು. 'ಸಿಬ್ಬಂದಿ ಇದ್ದಾಗ ದೀಪ ಉರಿಯುತ್ತದೆ. ಸಿಬ್ಬಂದಿ ಇಲ್ಲದಾಗ ಆರುತ್ತದೆ. ಸೆಟ್ಟಿಂಗ್ ಸಮರ್ಪಕವಾಗಿದೆ.' ಹೋಗುವಾಗ ಮೊಹರಿನ ಮೇಲೆ ಇನ್ನೊಂದು ಮೊಹರು ಹಾಕಿದರು.

ಡಿಸೆಂಬರ್ ಎಂಟರಂದು ಪಾತುಮ್ಮ ಎಂದಿನಂತೆ ಬಂದರು. ಎಂದಿನಂತೆ ಕೂತರು. ತಡ್ಪೆ ತೆಗೆಯಲಿಲ್ಲ. ಎರಡೂ ಕೈಗಳನ್ನು ತೊಡೆಯ ಅಡಿಯಲ್ಲಿ ಇಟ್ಟುಕೊಂಡರು.

ಬೆಳಕು ಮಂಕಾಯಿತು.

"ಪಾತುಮ್ಮ, ಕೈ" ಎಂದರು ಜಯಪ್ರಕಾಶ್.

"ನಂಬರು" ಎಂದರು ಪಾತುಮ್ಮ.

ಆರಿತು. ಕತ್ತಲೆಯಲ್ಲಿ ಬೆಳ್ಯಪ್ಪನ ದನಿ ಬಂತು. "ಎಂತ ಪಾತುಮ್ಮ ಇದು, ಊರಿನವರ ಕೆಲಸ ಅಲ್ಲವಾ?"

"ನಾನು ಯಾವ ಊರಿನವಳು ಬೆಳ್ಯಪ್ಪಣ್ಣ?"

"ಅದು ಹೌದು. ಆದ್ರೂ ಒಂದೆರಡು ಬೀಡಿ ಕಟ್ಟಬಹುದಲ್ಲ."

"ಐದು ತಿಂಗಳಲ್ಲಿ ನಿಮ್ಮದೊಬ್ಬರದ್ದೇ ಒಂಬತ್ತು ಕಾಗದ ಆಯ್ತು. ನಾನು ಎಣಿಸಿದ್ದೇನೆ. ತೋಟಕ್ಕೆ ಎರಡು ಸಲ ಬೋರು ಕೊರೆಸಿದ್ರಿ. ಹಟ್ಟಿಗೆ ನಂಬರು ಆಯ್ತು. ದನ ಅಲ್ಲಿ ಬೆಳಕಲ್ಲಿ ಮಲಗ್ತದೆ. ನಾನು ತಮ್ಮನ ಅಡಿಗೆಮನೆಯಲ್ಲಿ ಪಾತ್ರೆಯೊಟ್ಟಿಗೆ ಮಲಗುದು."

ಹಟ್ಟಿಗೆ ನಂಬರು ಆದದ್ದು ನಿಜ.

ಪಾತುಮ್ಮ ನಾಲ್ಕು ದಿನ ಹಾಗೇ ಕೂತರು. ನಾಲ್ಕು ದಿನವೂ, ದಾಖಲೆಯ ಪ್ರಕಾರ, ಕಚೇರಿಯಲ್ಲಿ ಯಾರೂ ಇರಲಿಲ್ಲ. ಐದನೇ ದಿನ ವಿಶೇಷ ಗ್ರಾಮಸಭೆ ಕರೆದರು. ಶಾಲೆಯ ಬಯಲಿನಲ್ಲಿ, ಹಗಲಿನ ಬೆಳಕಿನಲ್ಲಿ.

ಪ್ರೇಮಾವತಿಯವರು ವಿಷಯ ಮಂಡಿಸಿದರು. ಪಾತುಮ್ಮನಿಗೆ ನಂಬರು ಕೊಡಬೇಕು, ಕೊಟ್ಟರೂ ಅವರು ಬೆಂಚಿನಿಂದ ಏಳಬಾರದು. ಇದಕ್ಕೆ ದಾರಿ ಏನು?

ಹಕೀಮ್ ಎದ್ದು ನಿಂತ. "ಎರಡು ಗುಂಡಿ ಉಂಟು ಮೇಡಂ. ಒಂದು ಚಾ..."

"ಕೂತ್ಕೊ ಹಕೀಮ. ತಾಂತ್ರಿಕ ವಿಷಯ ಆಮೇಲೆ."

ದಾರಿಯನ್ನು ಕಂಡುಹಿಡಿದದ್ದು ಜಯಪ್ರಕಾಶ್. ನಿಯಮ ಅವರಿಗೆ ಬಾಯಿಪಾಠ. ಅರ್ಜಿದಾರರು ಎಲ್ಲಿ ವಾಸವಿರುವುದು ಕಂಡುಬರುತ್ತದೋ ಅಲ್ಲಿಗೆ ನಂಬರು ಕೊಡಬೇಕು. ಪಾತುಮ್ಮ ಎಲ್ಲಿ ಇರುತ್ತಾರೆ ಎಂಬುದಕ್ಕೆ ಸರಕಾರಿ ದಾಖಲೆ ಒಂದೇ ಇದೆ. ಅದು ಸ್ವಿಚ್ಚಿನದು. ಅದರ ಪ್ರಕಾರ ಅವರು ಐದು ತಿಂಗಳಿಂದ ಬೆಳಿಗ್ಗೆ ಹತ್ತರಿಂದ ಸಂಜೆ ಐದೂವರೆಯವರೆಗೆ ಪಂಚಾಯತ್ ಕಚೇರಿಯಲ್ಲಿ ಇದ್ದಾರೆ. ಗುಡ್ಡೆಯ ಮನೆಯಲ್ಲಿ ಸ್ವಿಚ್ಚಿಲ್ಲ. ಹಾಗಾಗಿ ಅಲ್ಲಿ ಯಾರೂ ಇಲ್ಲ.

ಗೊತ್ತುವಳಿ ಓದಿದರು. ಪಂಚಾಯತ್ ಕಚೇರಿಯ ಮುಂದಿನ ಕೋಣೆಗೆ ಶ್ರೀಮತಿ ಪಾತು ಇವರ ಹೆಸರಿನಲ್ಲಿ ಮನೆ ನಂಬರು ಕೊಡತಕ್ಕದ್ದು. ಕೈ ಎತ್ತಲು ಹೇಳಿದರು. ಎಲ್ಲರೂ ಎತ್ತಿದರು. ನಾನೂ ಎತ್ತಿದೆ. ನನ್ನದೊಂದು ಕಾಗದ ಬಾಕಿ ಇತ್ತು.

"ಬೆಂಚಿಗೆ ನಂಬರಾ ಸರ್?" ಎಂದು ಪಾತುಮ್ಮ ಕೇಳಿದರು.

"ಬೆಂಚಿಗಲ್ಲ. ಬೆಂಚು ಇರುವ ಕೋಣೆಗೆ."

"ನನ್ನ ಮನೆ ಗುಡ್ಡೆಯಲ್ಲಿ ಉಂಟಲ್ಲ?"

"ಉಂಟು. ಅಲ್ಲಿ ನೀವು ಇಲ್ಲ."

"ನಂಬರು ಕೊಟ್ರೆ ಇರ್ತೇನೆ."

"ಇದ್ರೆ ಕೊಡುದು ಪಾತುಮ್ಮ. ಇರ್ಲಿಕ್ಕೆ ಕೊಡುದಲ್ಲ."

ಪಾತುಮ್ಮ ಆಚೆ ಈಚೆ ನೋಡಿದರು. ಎಲ್ಲರೂ ತಮ್ಮ ತಮ್ಮ ಚಪ್ಪಲಿ ಹುಡುಕುತ್ತಿದ್ದರು. ಮರುದಿನ ಅವರು ಬಂದು ತಡ್ಪೆ ತೆಗೆದರು. ನಂಬರಿನ ತಗಡನ್ನು ಹಕೀಮ್ ಬೆಂಚಿನ ಮೇಲೆ ಗೋಡೆಗೆ ಹೊಡೆದ.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಫೆಬ್ರವರಿಯಲ್ಲಿ ಲೆಕ್ಕಪರಿಶೋಧಕರು ಬಂದರು. ತಗಡು ನೋಡಿದರು. ಆಕ್ಷೇಪ ಬರೆದರು: 'ಸರಕಾರಿ ಕಚೇರಿಯೊಂದು ಖಾಸಗಿ ವ್ಯಕ್ತಿಯ ವಾಸದ ಮನೆಯಲ್ಲಿ ನಡೆಯುತ್ತಿರುವುದು ಕಂಡುಬಂದಿದೆ. ಹದಿನೈದು ದಿನದೊಳಗೆ ಕಚೇರಿಯನ್ನು ಗ್ರಾಮದ ಯಾವುದಾದರೂ ಖಾಲಿ ಕಟ್ಟಡಕ್ಕೆ ಸ್ಥಳಾಂತರಿಸುವುದು.'

ಗ್ರಾಮದ ಖಾಲಿ ಕಟ್ಟಡಗಳ ಪಟ್ಟಿ ತೆಗೆದರು. ಪಟ್ಟಿಯಲ್ಲಿ ಒಂದೇ ಕಟ್ಟಡ ಇತ್ತು. ಗುಡ್ಡೆಯ ಮೇಲೆ, ಐದು ಸೆಂಟ್ಸಿನಲ್ಲಿ. ಗೋಡೆಗೆ ಸುಣ್ಣ ಆಗಿದೆ, ವೈರಿಂಗ್ ಮುಗಿದಿದೆ, ಯಾರೂ ವಾಸವಿಲ್ಲ.

"ಇದು ಪಾತುಮ್ಮನದ್ದಲ್ಲವಾ?" ಎಂದು ಪ್ರೇಮಾವತಿಯವರು ಕೇಳಿದರು.

ಜಯಪ್ರಕಾಶರು ಕಡತ ತಿರುವಿದರು. ಆ ಕಟ್ಟಡಕ್ಕೆ ನಂಬರಿಲ್ಲ. ನಂಬರಿಲ್ಲದ ಕಟ್ಟಡಕ್ಕೆ ದಾಖಲೆಯಲ್ಲಿ ಮಾಲಕರಿಲ್ಲ. ಮಾಲಕರಿಲ್ಲದ ಮೇಲೆ ಬಾಡಿಗೆಯ ಪ್ರಶ್ನೆ ಬರುವುದಿಲ್ಲ. ಒಪ್ಪಿಗೆಯ ಪ್ರಶ್ನೆಯೂ ಬರುವುದಿಲ್ಲ. ಹಾಗಿದ್ದರೂ ಅಧ್ಯಕ್ಷೆ ಮನುಷ್ಯತ್ವದಿಂದ ಪಾತುಮ್ಮನನ್ನು ಕರೆದು ವಿಷಯ ತಿಳಿಸಿದರು. ಬೀಗದ ಕೈ ಇದ್ದದ್ದು ಪಾತುಮ್ಮನ ಹತ್ತಿರ.

ಪಾತುಮ್ಮ ಬೀಗದ ಕೈಯನ್ನು ಸೆರಗಿನಲ್ಲಿ ಸುತ್ತಿ ಹಿಡಿದುಕೊಂಡಿದ್ದರು. ತುಂಬಾ ಹೊತ್ತು ಬಿಡಲಿಲ್ಲ.

"ಅಲ್ಲಿಗೆ ಕರೆಂಟು ಬರ್ತದಾ ಮೇಡಂ?"

"ಕಚೇರಿ ಅಂದ ಮೇಲೆ ಬರ್ಲೇ ಬೇಕಲ್ಲ."

ಬೀಗದ ಕೈ ಕೊಟ್ಟರು.

ಕರೆಂಟು ಮೂರು ದಿನದಲ್ಲಿ ಬಂತು. ಸರಕಾರಿ ಕಚೇರಿಗೆ ಮನೆ ನಂಬರು ಬೇಕಾಗಿಲ್ಲ. ಗುಡ್ಡೆಗೆ ಎರಡು ಕಂಬ ನೆಟ್ಟರು, ಜೆಸಿಬಿ ತಂದು ರಸ್ತೆ ಮಾಡಿದರು, ನೀರಿನ ಪೈಪು ಎಳೆದರು. ಸ್ವಿಚ್ಚನ್ನು ಗೋಡೆಯ ಪೆಟ್ಟಿಗೆ ಸಮೇತ ಬಿಡಿಸಿ, ಎರಡೂ ಮೊಹರಿಗೆ ಪೆಟ್ಟಾಗದಂತೆ ತನ್ನ ಹೆಗಲಿನ ಬೈರಾಸಿನಲ್ಲಿ ಸುತ್ತಿ, ಹಕೀಮನೇ ಹೊತ್ತು ತಂದ. ಸಿಮೆಂಟು ಮೆತ್ತುವಾಗ ಮೆಲ್ಲಗೆ ಕೇಳಿದ.

"ಸರ್, ಈಗ ಯಾರೂ ಇಲ್ಲ. ಒತ್ತಿ ಬಿಡ್ಲಾ?"

"ಸುಮ್ಮನಿರು ಮಾರಾಯ" ಎಂದರು ಜಯಪ್ರಕಾಶ್. "ಎಲ್ಲ ಸರಿ ಆಗಿ ಬರುವ ಹೊತ್ತಿಗೆ."

ಮಾರ್ಚ್ ಹನ್ನೆರಡರಂದು ಹೊಸ ಕಚೇರಿ ಆರಂಭವಾಯಿತು. ಪ್ರೇಮಾವತಿಯವರು ಟೇಪು ಕತ್ತರಿಸಿದರು. ಎಲ್ಲರೂ ಕೂತರು. ಒಂದೂವರೆ ನಿಮಿಷಕ್ಕೆ ದೀಪ ಆರಿತು.

ಪಾತುಮ್ಮ ಕೆಳಗೆ ಹಳೆ ಕಚೇರಿಯ ಜಗಲಿಯಲ್ಲಿದ್ದರು, ತಮ್ಮ ನಂಬರಿನ ಮನೆಯ ಹೊರಗೆ. ಒಳಗೆ ಹಳೆ ಕಡತ ತುಂಬಿ ಬೀಗ ಹಾಕಿತ್ತು. ಜೀಪು ಕಳಿಸಿ ಅವರನ್ನು ಕರೆಸಿದರು. ಬೆಂಚು ಚಾವಡಿಯಲ್ಲಿತ್ತು. ಪಾತುಮ್ಮ ಹೊಸ್ತಿಲಿನಲ್ಲಿ ಒಂದು ಗಳಿಗೆ ನಿಂತರು. ಬಲಗಾಲಿಟ್ಟು ಒಳಗೆ ಬಂದರು. ಗೋಡೆ ಮುಟ್ಟಿ ನೋಡಿದರು. ಅಡಿಗೆಮನೆಯಲ್ಲಿ ಜನನ ಮರಣದ ರಿಜಿಸ್ಟರುಗಳಿದ್ದವು. ಒಲೆಯ ಕಟ್ಟೆಯ ಮೇಲೆ ಪ್ರಿಂಟರು. ಬೆಂಚಿನಲ್ಲಿ ಕೂತು ಎಲೆ ತೆಗೆದರು.

ದೀಪ ಉರಿಯಿತು. ಜನ ಚಪ್ಪಾಳೆ ತಟ್ಟಿದರು.

ಅಂದಿನಿಂದ ಕಚೇರಿ ಸುಸೂತ್ರವಾಗಿ ನಡೆಯುತ್ತಿದೆ. ಪಾತುಮ್ಮ ಈಗ ಅರ್ಜಿದಾರರಲ್ಲ. ಅವರ ಅರ್ಜಿ ನಂಬರು ಕೊಟ್ಟು ವಿಲೇವಾರಿಯಾಗಿದೆ. ಅವರು ಈಗಲೂ ಜಾಲ್ಸೂರಿನ ಬಸ್ಸಿನಲ್ಲಿ ಬರುವುದು ರೂಢಿಯಿಂದ. ಒಮ್ಮೆ ಮಾತ್ರ ಅವರು ಜಯಪ್ರಕಾಶರನ್ನು ಕೇಳಿದರು.

"ಸರ್, ಸ್ವಿಚ್ಚು ಈಗ ಇಲ್ಲುಂಟು. ನಾನೂ ಇಲ್ಲಿದ್ದೇನೆ. ಹಾಗಾದ್ರೆ ನಾನು ವಾಸ ಇಲ್ಲಿ ಅಂತ ಆಗುದಿಲ್ಲವಾ?"

ಜಯಪ್ರಕಾಶರು ಪೆನ್ನು ಕೆಳಗಿಟ್ಟರು. ಹಾಗೆ ಆಗುತ್ತಿತ್ತು. ಆದರೆ ಹಾಗಾದರೆ ಕಚೇರಿ ಮತ್ತೆ ಖಾಸಗಿ ಮನೆಯಲ್ಲಿ ಇದ್ದಂತೆ ಆಗುತ್ತದೆ. ಮತ್ತೆ ಸ್ಥಳಾಂತರ. ಗ್ರಾಮದಲ್ಲಿ ಬೇರೆ ಖಾಲಿ ಮನೆ ಇಲ್ಲ.

"ಒಬ್ಬರಿಗೆ ಒಂದೇ ನಂಬರು ಪಾತುಮ್ಮ" ಎಂದರು.

"ಹಾಗಾ" ಎಂದರು ಪಾತುಮ್ಮ. ನೂಲು ಕಡಿದರು.

ಕಳೆದ ವಾರ ಜಾಲ್ಸೂರಿನಿಂದ ಅಹ್ಮದ್ ಕುಂಞಿ ಯಾವುದೋ ಕಾಗದಕ್ಕೆ ಬಂದಿದ್ದರು. ನಾನು ಪಕ್ಕದಲ್ಲೇ ಇದ್ದೆ. ಚಾವಡಿ, ಮಾಡು, ದೀಪ ಎಲ್ಲ ತಿರುಗಿ ತಿರುಗಿ ನೋಡಿದರು. ಚೆನ್ನಾಗಿ ಕಟ್ಟಿಸಿದ್ದೀ ಎಂದರು. ಆಮೇಲೆ ಅಕ್ಕನ ಪಕ್ಕ ಕೂತು ದೂರು ಹೇಳಿದರು.

"ಮನೆ ಒಕ್ಕಲು ಆಯ್ತು, ನಮಗೆ ಒಂದು ಊಟ ಹಾಕ್ಲಿಲ್ಲ ನೀನು."

"ಊಟದ ಹೊತ್ತಿಗೆ ಬಾಗಿಲು ಹಾಕ್ತಾರೆ" ಎಂದರು ಪಾತುಮ್ಮ. "ನಾನೂ ಹೊರಗೆ."

ಅಹ್ಮದ್ ಕುಂಞಿ ತಲೆಯಾಡಿಸಿದರು. ಕಚೇರಿ ಅಂದ ಮೇಲೆ ಸಮಯ ಅಂತ ಇರುತ್ತದೆ.